ಕೆರೆ ಸುತ್ತು ಬಿಟ್ಟೆ, ತಾರಸಿ ಸುತ್ತು ಹಿಡಿದೆ: ನನ್ನ ಅನುಭವ

ಕಳೆದ ತಿಂಗಳ ರಿಪೋರ್ಟಿನಲ್ಲಿ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ಹೇಳುವ ರಕ್ತಪರೀಕ್ಷೆ) 6.8 ಬಂತು. 2020ರ ಸೆಪ್ಟೆಂಬರ್‌ನಲ್ಲಿ ಇದೇ 9.2 ಇತ್ತು. ನನಗೀಗ 71. ಶುಗರ್ ಬಂದು ಇಪ್ಪತ್ತು ವರ್ಷ, ಬಿಪಿ ಅದರ ಹಿಂದೆಯೇ ಬಂತು. "ಈ ವಯಸ್ಸಲ್ಲಿ ಇಳಿಯಲ್ಲ ಟೀಚರ್, ಸುಮ್ನೆ ಇನ್ಸುಲಿನ್‌ಗೆ ಒಪ್ಕೊಳ್ಳಿ" ಎಂದವರು ನಮ್ಮ ವಾಕಿಂಗ್ ಗುಂಪಿನಲ್ಲೇ ನಾಲ್ಕು ಜನ. ಅವರಲ್ಲಿ ಇಬ್ಬರು ಈಗ ನಾನು ಶುಗರ್ ಬರೆದಿಡುವ ನೋಟ್‌ಬುಕ್ ಇಸ್ಕೊಂಡು ಹೋಗಿದ್ದಾರೆ.

ಲಾಕ್‌ಡೌನ್‌ಗೆ ಮುಂಚೆ ದಿನಾ ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಗೆ ಒಂದು ಪೂರ್ತಿ ಸುತ್ತು. ಆಮೇಲೆ ಎಲ್ಲರೂ ಸೇರಿ ಹೋಟೆಲಿನಲ್ಲಿ ಇಡ್ಲಿ-ವಡೆ, ಕಾಫಿ. ಎಚ್‌ಬಿಎ1ಸಿ 7.4ರ ಆಸುಪಾಸಿನಲ್ಲಿ ನಿಂತಿತ್ತು. 2020ರ ಮಾರ್ಚ್ 25ಕ್ಕೆ ಎಲ್ಲ ಬಂದ್. ವಯಸ್ಸಾದವರು ಹೊರಗೆ ಬರಬೇಡಿ ಎಂದರು. ಮಗ ಬೆಂಗಳೂರಿನಿಂದ ದಿನಾ ಫೋನ್ ಮಾಡಿ "ಅಮ್ಮಾ, ಗೇಟ್ ದಾಟಬೇಡ" ಎನ್ನುತ್ತಿದ್ದ. ಟಿವಿ ಮುಂದೆ ಕೂತು ಕೊರೊನಾ ಕೇಸುಗಳ ದಿನದ ಲೆಕ್ಕ ನೋಡುವುದು, ಜೊತೆಗೆ ಕೋಡುಬಳೆ. ಮೇ ತಿಂಗಳು ಬೇರೆ, ಬಾದಾಮಿ ಮಾವಿನಹಣ್ಣು ಮನೆ ಬಾಗಿಲಿಗೇ ಬರುತ್ತಿತ್ತು.

ಆಗ ಮಾಡಿದ ದೊಡ್ಡ ತಪ್ಪು ಪುಡಿ. ಶುಗರ್ ಬುಡಸಮೇತ ಹೋಗುತ್ತೆ ಅಂತ ಯಾರೋ ಕಳಿಸಿದ ವಿಡಿಯೋ ನಂಬಿ ತಿಂಗಳಿಗೆ 2,800 ರೂಪಾಯಿ ಕೊಟ್ಟು ಮೂರು ತಿಂಗಳು ತಿಂದೆ. ಮಾತ್ರೆಯನ್ನೂ ಅರ್ಧ ಮಾಡಿದೆ, ಡಾಕ್ಟರಿಗೆ ಹೇಳದೆ. 9.2 ಬಂದದ್ದು ಹಾಗೆ. ಮಾತ್ರೆ ಮತ್ತೆ ಪೂರ್ತಿ ಶುರು ಮಾಡಿದೆ. ಆಮೇಲೆ ಟ್ರೆಡ್‌ಮಿಲ್, 32 ಸಾವಿರ. ಮೂರೇ ವಾರಕ್ಕೆ ಬಲಮಂಡಿ ಊದಿಕೊಂಡಿತು. ಹನ್ನೊಂದು ಸಾವಿರಕ್ಕೆ ಮಾರಿದೆ. ಆ ದುಡ್ಡು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಕೆಲಸಕ್ಕೆ ಬಂದ ಖರ್ಚು ಮನೆಯಲ್ಲೇ ಶುಗರ್ ನೋಡುವ ಮೀಟರಿನ ಸ್ಟ್ರಿಪ್ಪಿನದು. ಐವತ್ತರ ಡಬ್ಬಿ ಆಗ ಸಾವಿರದ ಹತ್ತಿರ ಇತ್ತು. ಮೊದಲ ಒಂದೂವರೆ ವರ್ಷದಲ್ಲಿ ಹದಿಮೂರೋ ಹದಿನಾಲ್ಕೋ ಡಬ್ಬಿ ಮುಗಿಸಿದೆ. ಬೆಳಿಗ್ಗೆ ಖಾಲಿ ಹೊಟ್ಟೆಯದು ಮಾತ್ರ ನೋಡಿ ನೋಡಿ ಇಷ್ಟು ವರ್ಷ ಕಳೆದಿದ್ದೆ. ಊಟಕ್ಕೆ ಮುಂಚೆ ಒಂದು, ಎರಡು ಗಂಟೆ ಬಿಟ್ಟು ಒಂದು, ಹೀಗೆ ಜೋಡಿಯಾಗಿ ನೋಡಲು ಶುರು ಮಾಡಿದ ಮೇಲೆಯೇ ಗೊತ್ತಾಯಿತು. ಕೆರೆ ಸುತ್ತಿ ಇಳಿಸಿದ್ದನ್ನು ಹೋಟೆಲಿನಲ್ಲಿ ಮತ್ತೆ ಏರಿಸಿಕೊಳ್ಳುತ್ತಿದ್ದೆ, ಆಮೇಲೆ ದಿನವಿಡೀ ಕೂತಿರುತ್ತಿದ್ದೆ.

ಹಾಗಾಗಿ ಒಂದೇ ಸಲದ ನಡಿಗೆಯನ್ನು ಮೂರು ಭಾಗ ಮಾಡಿದೆ. ತಿಂಡಿ, ಮಧ್ಯಾಹ್ನದ ಊಟ, ರಾತ್ರಿ ಊಟ, ಪ್ರತಿಯೊಂದೂ ಆದ ಹತ್ತು ನಿಮಿಷಕ್ಕೆ ತಾರಸಿಯಲ್ಲಿ ಹದಿನೈದು ನಿಮಿಷ. ಮಳೆ ಬಂದರೆ, ಬಿಸಿಲು ಜಾಸ್ತಿಯಾದರೆ ಹಾಲ್‌ನಿಂದ ಅಡುಗೆಮನೆವರೆಗೆ. "ಮನೆಯೊಳಗೆ ನಡೆದರೆ ಏನಾಗುತ್ತೆ, ಬೆವರೇ ಬರಲ್ಲ" ಎಂದರು ನಮ್ಮ ಮನೆಯವರು. ಅದೇ ಅನ್ನ, ಅದೇ ಹುಳಿ. ನಡೆಯದ ದಿನ 220ರ ಮೇಲೆ, ನಡೆದ ದಿನ 170ರ ಒಳಗೆ. ನೋಟ್‌ಬುಕ್ ತೋರಿಸಿದೆ. ಮರುದಿನದಿಂದ ಅವರೂ ತಾರಸಿ ಹತ್ತಿದರು.

ಮುದ್ದೆಯ ವಿಷಯ ಹೇಳಲೇಬೇಕು. ರಾಗಿ ಶುಗರ್‌ಗೆ ಒಳ್ಳೆಯದು ಅಂತ ಎಲ್ಲರೂ ಹೇಳುತ್ತಾರೆ, ಅಲ್ವಾ? ನನ್ನ ಮೀಟರ್ ಹಾಗೆ ಹೇಳಲಿಲ್ಲ. ದೊಡ್ಡ ಮುದ್ದೆ ಒಂದು ತಿಂದರೆ 210 ದಾಟುತ್ತಿತ್ತು. ರಾಗಿ ಗಂಜಿ ಇನ್ನೂ ಜೋರು, ಒಮ್ಮೆ 231. ಹಿಟ್ಟು ನುಣ್ಣಗಾದಷ್ಟೂ ಬೇಗ ಏರುತ್ತದೆ. ಮುದ್ದೆ ಅರ್ಧ ಮಾಡಿ, ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಮೊದಲು ಒಂದು ಬಟ್ಟಲು ತಿಂದರೆ ತಡೆಯಿತು. ನವಣೆ ಅನ್ನ ಪರವಾಗಿಲ್ಲ, ಆದರೆ ನನಗೆ ಹೊಟ್ಟೆ ಉಬ್ಬರಿಸುತ್ತದೆ. ತಂಗಳನ್ನಕ್ಕೆ ಮಜ್ಜಿಗೆ ಹಾಕಿಯೂ ನೋಡಿದೆ, ಹತ್ತು ಪಾಯಿಂಟ್ ಕಡಿಮೆ. ಮೀಟರೇ ಅಷ್ಟು ಆಚೀಚೆ ತೋರಿಸುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯುವ ಹಾಗಿಲ್ಲ. ಮಾವಿನಹಣ್ಣು ಬಿಟ್ಟಿಲ್ಲ. ಯಾವ ಹೊತ್ತಿಗೆ, ಯಾವುದರ ಜೊತೆ ತಿನ್ನುತ್ತೇನೆ ಎನ್ನುವುದನ್ನು ಇಲ್ಲಿ ಹೇಳುವುದಿಲ್ಲ. ಅದಕ್ಕೇ ನನಗೆ ಎರಡು ಬೇಸಿಗೆ ಹಿಡಿಯಿತು.

ಒಂದು ರಾತ್ರಿ ಹೆದರಿಕೆಯಾಯಿತು. ಊಟವನ್ನು ಒಂಬತ್ತರಿಂದ ಆರೂವರೆಗೆ ತಂದಿದ್ದೆ, ಊಟವೂ ಕಡಿಮೆ, ಮಾತ್ರೆ ಮಾತ್ರ ಹಳೇ ಅಳತೆ. ರಾತ್ರಿ ಎರಡಕ್ಕೆ ಮೈಯೆಲ್ಲ ಬೆವರು, ಕೈ ನಡುಕ. ಮೀಟರಿನಲ್ಲಿ 61. ಮನೆಯವರು ಸಕ್ಕರೆ ನೀರು ಕುಡಿಸಿದರು. ಬೆಳಿಗ್ಗೆ ಡಾಕ್ಟರಿಗೆ ವಾಟ್ಸಾಪಿನಲ್ಲಿ ಹದಿನೈದು ದಿನದ ರೀಡಿಂಗ್ ಕಳಿಸಿದೆ. ಸಂಜೆಯ ಶುಗರ್ ಮಾತ್ರೆ ಗ್ಲಿಮೆಪಿರೈಡ್ ಅನ್ನು ಅವರೇ ಕಡಿಮೆ ಮಾಡಿದರು. ಊಟ ಬದಲಿಸುವಾಗಲೇ ಅವರಿಗೆ ಹೇಳಬೇಕಿತ್ತು.

ಎರಡನೇ ಅಲೆಯಲ್ಲಿ, 2021ರ ಮೇನಲ್ಲಿ, ನಮ್ಮ ಗುಂಪಿನ ಒಬ್ಬರು ಹೋಗಿಬಿಟ್ಟರು. ಅವರಿಗೂ ಶುಗರ್ ಇತ್ತು. ಆ ವಾರ ನಾನು ಒಂದು ಹೊತ್ತೂ ನಡಿಗೆ ತಪ್ಪಿಸಲಿಲ್ಲ.

ಮಂಡಿಗೆ ಕುರ್ಚಿ ಸಾಕಾಯಿತು. ಕೈ ಊರದೆ ಎದ್ದು ಕೂರುವುದು. ಮೊದಲು ಐದಕ್ಕೇ ಸುಸ್ತು. ಈಗ ಹದಿನೈದರಂತೆ ಮೂರು ಸಲ. ಬಸ್ ಹತ್ತುವಾಗ ಕಂಬಿ ಹಿಡಿದು ಜಗ್ಗುವುದಿಲ್ಲ.

ಕೆರೆ ಬಾಗಿಲು ತೆರೆದು ಎಷ್ಟೋ ವರ್ಷವಾಯಿತು. ಈಗ ಭಾನುವಾರ ಮಾತ್ರ ಹೋಗುತ್ತೇನೆ, ಗೆಳತಿಯರನ್ನು ನೋಡಲು. ಅವರು ಹೋಟೆಲಿಗೆ ಹೊರಟಾಗ ನಾನೂ ಹೋಗಿ ಒಂದು ಇಡ್ಲಿ ತಿನ್ನುತ್ತೇನೆ, ಆಮೇಲೆ ಆಟೋ ಹತ್ತದೆ ನಡೆದೇ ಮನೆಗೆ ಬರುತ್ತೇನೆ. ಹದಿನೆಂಟು ನಿಮಿಷ ಆಗುತ್ತದೆ.