ಸೂಪರ್‌ಹೀರೊ ಎರಡನೇ ಭಾಗಕ್ಕೆ ಯಾರ ಸಂಗೀತ? ಆಯ್ಕೆ ಮಾಡುವುದು ಹೀಗೆ

ಮೈಸೂರು, ಮಂಡ್ಯದ ಕಡೆ ಸಿನಿಮಾ ಕನಸು ಕಟ್ಟಿಕೊಂಡ ತಂಡಗಳು ಕ್ಯಾಮೆರಾ, ಫೈಟ್, ವಿಎಫ್‌ಎಕ್ಸ್ ಬಗ್ಗೆ ಗಂಟೆಗಟ್ಟಲೆ ಮಾತಾಡುತ್ತವೆ. ಸಂಗೀತದ ಮಾತು ಬರುವುದು ಕೊನೆಗೆ. ಅಷ್ಟು ಹೊತ್ತಿಗೆ ದುಡ್ಡೂ ಮುಗಿದಿರುತ್ತದೆ, ದಿನಗಳೂ ಮುಗಿದಿರುತ್ತವೆ. ಮೊದಲ ಭಾಗ ಹೇಗೋ ದಡ ಸೇರಬಹುದು. ಎರಡನೇ ಭಾಗಕ್ಕೆ ಈ ಪದ್ಧತಿ ನಡೆಯುವುದಿಲ್ಲ. ಜನ ಹಳೆಯ ಥೀಮನ್ನು, ಅಂದರೆ ಹೀರೊನ ಗುರುತಿನ ಟ್ಯೂನನ್ನು, ಕಿವಿಯಲ್ಲಿ ಇಟ್ಟುಕೊಂಡೇ ಥಿಯೇಟರ್‌ಗೆ ಬರುತ್ತಾರೆ. ಆ ಥೀಮನ್ನು ಏನು ಮಾಡುತ್ತೀರಿ ಅನ್ನುವುದು ಮೊದಲು ತೀರ್ಮಾನ ಆಗಬೇಕು. ಯಾರನ್ನು ಕರೆಯಬೇಕು ಅನ್ನುವುದು ಆಮೇಲಿನ ಮಾತು.

ಅರ್ಥವಾಗಲಿ ಅಂತ ಒಂದು ಕಲ್ಪನೆಯ ಸಿನಿಮಾ ಇಟ್ಟುಕೊಳ್ಳೋಣ. ನಾಯಕ ಮಂಡ್ಯ ಹತ್ತಿರದ ಆಲೆಮನೆಯ ಹುಡುಗ. ಕುದಿಯುವ ಕೊಪ್ಪರಿಗೆಯ ಪಕ್ಕ ನಡೆದ ಅವಘಡದಿಂದ ಅವನ ಅಂಗೈಗೆ ಬೆಂಕಿಯ ಶಕ್ತಿ ಬಂದಿದೆ. ಮೊದಲ ಭಾಗದಲ್ಲಿ ಊರು ಕಾಪಾಡಿದ. ಎರಡನೇ ಭಾಗದಲ್ಲಿ ಮೈಸೂರಿಗೆ ಓದಲು ಬಂದಿದ್ದಾನೆ. ತನ್ನ ಕೈ ಕಂಡರೆ ತನಗೇ ಭಯ. ಎದುರಿಗೆ ಮಂಡ್ಯದ ಗದ್ದೆಗಳಿಗೆ ನೀರುಣಿಸುವ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ನೀರನ್ನೇ ಮಾಯ ಮಾಡುವ ಖಳ.

ಹೆಜ್ಜೆ 1: ಮೊದಲ ಭಾಗವನ್ನು ಕಣ್ಣು ಮುಚ್ಚಿ ಕೇಳಿ

ತಂಡದವರೆಲ್ಲ ಕೂತು ಹಳೆಯ ಸಿನಿಮಾದ ಧ್ವನಿಯನ್ನಷ್ಟೇ ಹಾಕಿಕೊಳ್ಳಿ. ಹೀರೊ ಬಂದಾಗ ಯಾವ ಟ್ಯೂನ್? ಅಮ್ಮನ ಜೊತೆಗಿದ್ದಾಗ ಯಾವುದು? ಎಷ್ಟು ಸಲ ಬಂತು? ಎಲ್ಲವನ್ನೂ ಬರೆದಿಟ್ಟುಕೊಳ್ಳಿ. ಆಮೇಲೆ ಹೀರೊ ಥೀಮಿನ ಹತ್ತು ಸೆಕೆಂಡ್ ತುಣುಕನ್ನು ಆ ಸಿನಿಮಾ ನೋಡಿದ ಆದರೆ ನಿಮ್ಮ ಪರಿಚಯವಿಲ್ಲದ ಜನಕ್ಕೆ ಕೇಳಿಸಿ. ಕಾಲೇಜು ಕ್ಯಾಂಟೀನಿನಲ್ಲಿ, ಬಸ್ ಸ್ಟ್ಯಾಂಡಿನಲ್ಲಿ. ಅವರು ಗುರುತು ಹಿಡಿದರೆ ಅದು ನಿಮ್ಮ ಆಸ್ತಿ, ಬಿಟ್ಟುಕೊಡಬೇಡಿ. ಯಾರಿಗೂ ನೆನಪಿಲ್ಲ ಅಂದರೆ ಹಳೆಯದನ್ನು ಹೊತ್ತುಕೊಂಡು ತಿರುಗುವ ಅಗತ್ಯ ಇಲ್ಲ. ಸ್ನೇಹಿತರನ್ನು ಮಾತ್ರ ಕೇಳಬೇಡಿ, ಅವರು ಚೆನ್ನಾಗಿದೆ ಅಂತಲೇ ಹೇಳುತ್ತಾರೆ.

ಹೆಜ್ಜೆ 2: ಹಳೆಯ ಟ್ಯೂನ್ ಯಾರ ಕೈಯಲ್ಲಿದೆ?

ಮೊದಲ ಭಾಗದ ಒಪ್ಪಂದದ ಕಾಗದ ತೆಗೆಯಿರಿ. ಹಕ್ಕು ನಿರ್ಮಾಪಕರ ಬಳಿ ಇದೆಯಾ, ಆಡಿಯೊ ಕಂಪನಿಗೆ ಹೋಗಿದೆಯಾ? ಕಂಪನಿಯ ಬಳಿ ಇದ್ದರೆ ನಿಮ್ಮದೇ ಹೀರೊನ ಟ್ಯೂನ್ ಬಳಸಲೂ ಅನುಮತಿ ಬೇಕಾಗಬಹುದು. ರೆಕಾರ್ಡಿಂಗ್ ಮೇಲಿನ ಹಕ್ಕು ಬೇರೆ, ಟ್ಯೂನ್ ಮೇಲಿನ ಹಕ್ಕು ಬೇರೆ. ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿದರೂ ಟ್ಯೂನ್ ಹಕ್ಕಿನ ಪ್ರಶ್ನೆ ಉಳಿಯುತ್ತದೆ. ಇದನ್ನು ಬಲ್ಲ ವಕೀಲರಿಗೆ ಕಾಗದ ತೋರಿಸಿ. ಇದು ತಿಳಿಯುವ ಮೊದಲು ಯಾವ ಸಂಗೀತ ನಿರ್ದೇಶಕರಿಗೂ ಫೋನ್ ಮಾಡಬೇಡಿ.

ಹೆಜ್ಜೆ 3: ಮೂರು ದಾರಿಗಳಲ್ಲಿ ಒಂದನ್ನು ಹಿಡಿಯಿರಿ

ಹಳಬರನ್ನೇ ಮುಂದುವರಿಸುವುದು ಒಂದು. ಹೊಸಬರ ಕೈಗೆ ಹಳೆಯ ಥೀಮ್ ಕೊಡುವುದು ಇನ್ನೊಂದು. ಎಲ್ಲವನ್ನೂ ಹೊಸದಾಗಿ ಶುರು ಮಾಡುವುದು ಮೂರನೆಯದು. ಹಾಲಿವುಡ್ ಈ ಮೂರೂ ದಾರಿಯಲ್ಲಿ ನಡೆದಿದೆ. ಅದರಿಂದ ಕಲಿಯಲು ಬಹಳ ಇದೆ.

ಹಳಬರನ್ನು ಮುಂದುವರಿಸಿದರೆ ಹಳೆಯದೇ ಸಿಗುತ್ತದೆ ಅಂದುಕೊಳ್ಳಬೇಡಿ. 2005ರ 'ಬ್ಯಾಟ್‌ಮನ್ ಬಿಗಿನ್ಸ್'ಗೆ ಹ್ಯಾನ್ಸ್ ಜಿಮ್ಮರ್ ಮತ್ತು ಜೇಮ್ಸ್ ನ್ಯೂಟನ್ ಹೊವರ್ಡ್ ಸಂಗೀತ ಕೊಟ್ಟರು. 2008ರ 'ದಿ ಡಾರ್ಕ್ ನೈಟ್'ಗೂ ಇಬ್ಬರೇ. ಆದರೆ ಜೋಕರ್ ಬರುತ್ತಿದ್ದಂತೆ ಕೇಳುವುದು ಟ್ಯೂನೇ ಅಲ್ಲ. ಚೆಲ್ಲೊ ತಂತಿಯ ಮೇಲೆ ಬಿಗಿಯಾಗುತ್ತಾ ಹೋಗುವ ಒಂದು ಸ್ವರ, ಅಷ್ಟೇ. ಎದೆ ಹಿಂಡುತ್ತದೆ. 'ಬ್ಲ್ಯಾಕ್ ಪ್ಯಾಂಥರ್'ಗಾಗಿ ಲುಡ್ವಿಗ್ ಯೊರಾನ್ಸನ್ ಸೆನೆಗಲ್‌ಗೆ ಹೋಗಿ ಗಾಯಕ ಬಾಬಾ ಮಾಲ್ ಜೊತೆ ಓಡಾಡಿದ್ದರು. ಆ ಸಂಗೀತಕ್ಕೆ ಆಸ್ಕರ್ ಬಂತು. 2022ರ ಎರಡನೇ ಭಾಗಕ್ಕೂ ಅವರೇ. ಆ ಸಲ ಮೆಕ್ಸಿಕೊಗೆ ಹೋಗಿ ಅಲ್ಲಿನ ಸಂಗೀತಗಾರರ ಜೊತೆ ಕೂತರು. ಹಳಬರನ್ನು ಇಟ್ಟುಕೊಳ್ಳುವುದಾದರೆ ಹೀಗೆ ಮತ್ತೆ ಶುರುವಿನಿಂದ ದುಡಿಯಲು ಸಿದ್ಧ ಇರುವವರನ್ನು ಇಟ್ಟುಕೊಳ್ಳಬೇಕು.

ಎರಡನೇ ದಾರಿಗೆ ಹಳೆಯ ಉದಾಹರಣೆ ಸೂಪರ್‌ಮ್ಯಾನ್. 1978ರ ಸಿನಿಮಾಕ್ಕೆ ಜಾನ್ ವಿಲಿಯಮ್ಸ್ ಸಂಗೀತ. ಎರಡನೇ ಭಾಗವನ್ನು ಕೆನ್ ಥಾರ್ನ್ ಮಾಡಿದರು, ವಿಲಿಯಮ್ಸ್ ಅವರ ಥೀಮ್‌ಗಳನ್ನೇ ಇಟ್ಟುಕೊಂಡು. 2006ರ 'ಸೂಪರ್‌ಮ್ಯಾನ್ ರಿಟರ್ನ್ಸ್'ನಲ್ಲಿ ಜಾನ್ ಆಟ್‌ಮನ್ ಕೂಡ ಆ ಥೀಮನ್ನು ಕೈಬಿಡಲಿಲ್ಲ. ಹೊಸಬರಿಗೆ ಇಲ್ಲಿ ವಿನಯ ಬೇಕು, ಕಸುಬೂ ಬೇಕು.

ಮೂರನೆಯ ದಾರಿಗೆ 'ಐರನ್ ಮ್ಯಾನ್' ನೋಡಿ. ಮೂರು ಸಿನಿಮಾ, ಮೂವರು: ರಮೀನ್ ಜವಾಡಿ, ಜಾನ್ ಡೆಬ್ನಿ, ಬ್ರಯಾನ್ ಟೈಲರ್. ಮೂವರೂ ಸಮರ್ಥರು. ಆದರೂ ಅಷ್ಟು ಜನಪ್ರಿಯ ಹೀರೊಗೆ ಎಲ್ಲರೂ ಗುನುಗುವ ಒಂದೇ ಟ್ಯೂನ್ ಉಳಿಯಲಿಲ್ಲ ಅನ್ನುವುದು ನನ್ನ ಅನಿಸಿಕೆ. ಮೊದಲ ಭಾಗದ ಥೀಮ್ ಜನರ ಬಾಯಲ್ಲಿದ್ದರೆ ಈ ದಾರಿ ಬೇಡವೇ ಬೇಡ.

ನಮ್ಮ ಆಲೆಮನೆ ಹುಡುಗನಿಗೆ ಎರಡನೇ ದಾರಿ ಸರಿ. ಊರಿನ ಟ್ಯೂನ್ ಅವನ ಜೊತೆ ಪಟ್ಟಣಕ್ಕೆ ಬರಬೇಕು, ಆದರೆ ಅಲ್ಲಿ ಅದು ಬದಲಾಗಬೇಕು.

ಹೆಜ್ಜೆ 4: ಒಂದೇ ಟ್ಯೂನನ್ನು ತಿರುಗಿಸಿ ತೋರಿಸಲು ಹೇಳಿ

ನನ್ನ ಮಟ್ಟಿಗೆ ಇದೇ ನಿಜವಾದ ಪರೀಕ್ಷೆ. ಸಂಗೀತ ನಿರ್ದೇಶಕರಿಗೆ ಹೀರೊ ಥೀಮನ್ನು ಕೊಟ್ಟು, ಅದೇ ಟ್ಯೂನ್ ಸೋತವನದ್ದಾಗಿ ಹೇಗೆ ಕೇಳಿಸುತ್ತದೆ ಅಂತ ಕೇಳಿ. ವೇಗ ಕಮ್ಮಿ ಮಾಡಿ ಒಂದು ಪಿಯಾನೊ ಹಾಕಿಕೊಟ್ಟರೆ ಸಾಲದು. ಅದನ್ನು ಯಾರು ಬೇಕಾದರೂ ಮಾಡುತ್ತಾರೆ.

ನಮ್ಮ ಸಂಗೀತದಲ್ಲೇ ಇದಕ್ಕೊಂದು ಅದ್ಭುತ ಉಪಾಯ ಇದೆ, ಗ್ರಹಭೇದ. ಅಂದರೆ ಸ್ವರಗಳನ್ನು ಹಾಗೇ ಇಟ್ಟು, ಆಧಾರ ಸ್ವರವಾದ ಷಡ್ಜವನ್ನು (ಸ) ಬೇರೆ ಕಡೆ ಸರಿಸುವುದು. ಹೀರೊ ಥೀಮ್ ಮೋಹನ ರಾಗದಲ್ಲಿದೆ ಅಂದುಕೊಳ್ಳಿ. ಸ, ರಿ, ಗ, ಪ, ದ, ಐದೇ ಸ್ವರ. ಅದರ ಗಾಂಧಾರವನ್ನು (ಗ) ಷಡ್ಜ ಅಂತ ಇಟ್ಟುಕೊಂಡರೆ ಅದೇ ಐದು ಸ್ವರಗಳು ಹಿಂದೋಳ ಆಗುತ್ತವೆ. ರಿಷಭವನ್ನು (ರಿ) ಷಡ್ಜ ಮಾಡಿಕೊಂಡರೆ ಮಧ್ಯಮಾವತಿ. ಪಂಚಮದಿಂದ (ಪ) ಹೊರಟರೆ ಶುದ್ಧ ಸಾವೇರಿ. ಶ್ರುತಿ ಎಲ್ಲಿ ನಿಂತಿದೆ ಅನ್ನುವುದಷ್ಟೇ ಬದಲು, ಸ್ವರಗಳು ಅವೇ. ಮೋಹನದ ಬೆಳಕು ಹಿಂದೋಳಕ್ಕೆ ಬಂದಾಗ ಗಾಢವಾಗುತ್ತದೆ. ನೋಡುವವರಿಗೆ ಕಾರಣ ಗೊತ್ತಾಗುವುದಿಲ್ಲ. ಇವನು ಅದೇ ಹುಡುಗ, ಆದರೆ ಒಳಗೆ ಏನೋ ಮುರಿದಿದೆ ಅನ್ನುವುದು ಮಾತ್ರ ಮನಸ್ಸಿಗೆ ತಟ್ಟುತ್ತದೆ. ಒಬ್ಬ ಸಂಗೀತ ನಿರ್ದೇಶಕ ಇಂಥದ್ದನ್ನು ತಾನಾಗಿ ಹುಡುಕಿಕೊಂಡು ಬಂದರೆ ಅವರ ಹೆಸರಿನ ಮುಂದೆ ಟಿಕ್ ಹಾಕಿ. ಪಾಶ್ಚಾತ್ಯ ಪದ್ಧತಿಯಲ್ಲಿ ಹಾರ್ಮನಿ (ಟ್ಯೂನಿನ ಜೊತೆಗೇ ಕೇಳಿಸುವ ಬೇರೆ ಸ್ವರಗಳು) ಬದಲಿಸಿ ಇದೇ ಕೆಲಸ ಮಾಡುವವರೂ ಇದ್ದಾರೆ, ಅದೂ ಚೆನ್ನ. ಟ್ಯೂನಿನ ಒಳಗೆ ಇಳಿಯುತ್ತಾರಾ ಇಲ್ಲವಾ ಅನ್ನುವುದಷ್ಟೇ ಮುಖ್ಯ.

ಹೆಜ್ಜೆ 5: ಎಲ್ಲಿ ಹುಡುಕಬೇಕು?

ಹಿಟ್ ಹಾಡು ಕೊಟ್ಟವರೆಲ್ಲ ಹಿನ್ನೆಲೆ ಸಂಗೀತದಲ್ಲೂ ಗಟ್ಟಿ ಇರಬೇಕೆಂದಿಲ್ಲ. ಹಾಡು ನಾಲ್ಕು ನಿಮಿಷದಲ್ಲಿ ಮುಗಿಯುತ್ತದೆ. ಆರ್‌ಆರ್ (ರೀ-ರೆಕಾರ್ಡಿಂಗ್, ಅಂದರೆ ಹಿನ್ನೆಲೆ ಸಂಗೀತ) ಅಂದರೆ ಎರಡು ಗಂಟೆಯ ಕಥೆಯನ್ನು ಹಿಡಿದುಕೊಂಡು ನಡೆಯುವ ಕೆಲಸ. 'ಕ್ರಿಶ್' ಚಿತ್ರದಲ್ಲಿ ಹಾಡುಗಳು ರಾಜೇಶ್ ರೋಷನ್ ಅವರದು, ಹಿನ್ನೆಲೆ ಸಂಗೀತ ಸಲೀಂ-ಸುಲೇಮಾನ್ ಅವರದು. ನೀವೂ ಹಾಗೆ ಹಂಚಬಹುದು, ಇಬ್ಬರೂ ಒಂದೇ ಥೀಮಿಗೆ ಕಟ್ಟುಬಿದ್ದರೆ.

ಮೈಸೂರಿನವರಿಗೆ ಒಂದು ಅನುಕೂಲ ಇದೆ. ಇಲ್ಲಿ ರಂಗಭೂಮಿ ಇದೆ. 1989ರಲ್ಲಿ ರಂಗಾಯಣ ಎಂಬ ನಾಟಕ ಸಂಸ್ಥೆ ಕಟ್ಟಿದ ಬಿ.ವಿ. ಕಾರಂತರು ದೊಡ್ಡ ರಂಗಸಂಗೀತ ನಿರ್ದೇಶಕರೂ ಆಗಿದ್ದರು. ನಾಟಕಕ್ಕೆ ಸಂಗೀತ ಮಾಡುವವರು ನಟನ ಉಸಿರು ನೋಡಿ ನುಡಿಸುತ್ತಾರೆ, ಎಲ್ಲಿ ಸುಮ್ಮನಿರಬೇಕು ಅನ್ನುವುದು ಅವರಿಗೆ ಗೊತ್ತು. ಬಹುರೂಪಿ ನಾಟಕೋತ್ಸವದಲ್ಲಿ ಕಿವಿ ತೆರೆದು ಕೂರಿ. ಸಂಗೀತ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳನ್ನು ವಿಚಾರಿಸಿ. ಕಿರುಚಿತ್ರಗಳಿಗೆ ಕೆಲಸ ಮಾಡಿದವರನ್ನೂ ಬಿಡಬೇಡಿ.

ಆರ್ಕೆಸ್ಟ್ರಾ ಅಂದರೆ ಹೊರಗಿನದು, ನಮಗಲ್ಲ ಅನ್ನುವವರಿಗೆ ಒಂದು ಮಾತು. 1948ರಲ್ಲಿ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾಗಿದ್ದವರು ನಮ್ಮ ಜಯಚಾಮರಾಜೇಂದ್ರ ಒಡೆಯರ್. ಕೃತಿಗಳನ್ನು ರಚಿಸಿದ ವಾಗ್ಗೇಯಕಾರರೂ ಅವರೇ. ದಸರಾದಲ್ಲಿ ಪೊಲೀಸ್ ಇಂಗ್ಲಿಷ್ ಬ್ಯಾಂಡ್ ಮತ್ತು ಕರ್ನಾಟಕ ವಾದ್ಯವೃಂದ ಎರಡನ್ನೂ ಕೇಳಿ ಬೆಳೆದ ಊರು ಇದು. ಟ್ರಂಪೆಟ್ ಮತ್ತು ಪಿಟೀಲು ಒಂದೇ ಊರಲ್ಲಿ ಸಿಗುತ್ತವೆ, ಅಲ್ವಾ?

ಜನಪದ ವಾದ್ಯಗಳ ವಿಷಯದಲ್ಲಿ ಸ್ವಲ್ಪ ನಿಧಾನ. ಹೀರೊ ಎಂಟ್ರಿಗೆ ಮಣ್ಣಿನ ವಾಸನೆ ಬೇಕು ಅಂತ ಸುಮ್ನೆ ಕಂಸಾಳೆ ಶಬ್ದ ಮೆತ್ತಬೇಡಿ. ಕಂಸಾಳೆ ಮಲೆ ಮಹದೇಶ್ವರನ ಭಕ್ತರದ್ದು. ಗುರುವಿನಿಂದ ದೀಕ್ಷೆ ಪಡೆದು ಹಿಡಿಯುವ ತಾಳ ಅದು. ನೀಲಗಾರರ ತಂಬೂರಿಗೂ ಮಂಟೇಸ್ವಾಮಿ ಕಾವ್ಯದ ನಂಟು ಇದೆ. ಬಳಸುವುದಾದರೆ ಕಲಾವಿದರನ್ನೇ ಕರೆಸಿ, ಎಲ್ಲಿ ಬಳಸುತ್ತೀರಿ ಅಂತ ಹೇಳಿ, ಒಪ್ಪಿದರೆ ನುಡಿಸಿ. ಸರಿಯಾದ ಸಂಭಾವನೆ ಕೊಡಿ, ಪರದೆಯ ಮೇಲೆ ಹೆಸರು ಹಾಕಿ. ಇದನ್ನೆಲ್ಲ ನೀವು ಹೇಳುವ ಮೊದಲೇ ಕೇಳುವ ಸಂಗೀತ ನಿರ್ದೇಶಕ ಸಿಕ್ಕರೆ ನಿಮ್ಮ ಅದೃಷ್ಟ.

ಹೆಜ್ಜೆ 6: ಎರಡು ದೃಶ್ಯ ಕೊಟ್ಟು ನೋಡಿ

ಮೂವರನ್ನು ಆರಿಸಿಕೊಂಡ ಮೇಲೆ ಪ್ರತಿಯೊಬ್ಬರಿಗೂ ಎರಡೆರಡು ದೃಶ್ಯ ಕೊಡಿ. ಪುಕ್ಕಟೆ ಬೇಡ, ಪರೀಕ್ಷೆಗೂ ದುಡ್ಡು ಕೊಡಿ. ಒಂದು ಫೈಟ್, ಇನ್ನೊಂದು ಮೌನದ ದೃಶ್ಯ. ನಮ್ಮ ಸಿನಿಮಾದಲ್ಲಿ ಹುಡುಗ ಹಾಸ್ಟೆಲ್ ಕೋಣೆಯಲ್ಲಿ ತನ್ನ ಅಂಗೈ ನೋಡಿಕೊಂಡು ಕೂರುವ ಎರಡು ನಿಮಿಷ.

ನಾನಾದರೆ ಮೌನದ ದೃಶ್ಯವನ್ನೇ ಮೊದಲು ಕೇಳುತ್ತೇನೆ. ಸಂಗೀತ ಎಷ್ಟನೇ ಸೆಕೆಂಡಿಗೆ ಶುರುವಾಯಿತು? ನಟ ಅಳುವ ಮೊದಲೇ ಪಿಟೀಲು ಅತ್ತುಬಿಟ್ಟಿತಾ? ಒಂದು ನಿಮಿಷ ಪೂರ್ತಿ ಬಿಟ್ಟು ಆಮೇಲೆ ಒಂದೇ ಸ್ವರ ಇಟ್ಟವರಿದ್ದರೆ ಅವರ ಜೊತೆ ಜಾಸ್ತಿ ಹೊತ್ತು ಮಾತಾಡಿ.

ಫೈಟಿನಲ್ಲಿ ನೋಡಬೇಕಾದದ್ದು ಬೇರೆ. ಸೂಪರ್‌ಹೀರೊ ಸಿನಿಮಾದಲ್ಲಿ ಗಾಜು ಒಡೆಯುತ್ತದೆ, ಗೋಡೆ ಬೀಳುತ್ತದೆ, ಬೆಂಕಿ ಮೊರೆಯುತ್ತದೆ. ಆ ಶಬ್ದಗಳಿಗೂ ಜಾಗ ಬೇಕು. ಮಾತಿನ ಸ್ಪಷ್ಟತೆ ಇರುವುದು ಹೆಚ್ಚಾಗಿ 1,000ದಿಂದ 4,000 ಹರ್ಟ್ಸ್ ನಡುವೆ. ಸಂಗೀತ ಆ ಜಾಗವನ್ನೆಲ್ಲ ತುಂಬಿಕೊಂಡರೆ ಡೈಲಾಗ್ ಕೇಳುವುದಿಲ್ಲ. ಹಾಗಾಗಿ ಸಂಗೀತವನ್ನು ಒಂಟಿಯಾಗಿ ಕೇಳಿ ತೀರ್ಮಾನ ಮಾಡಬೇಡಿ. ಎಫೆಕ್ಟ್ಸ್, ಮಾತು ಎರಡನ್ನೂ ಸೇರಿಸಿ ಕೇಳಿ. ಮೊದಲು ಫೋನಿನಲ್ಲಿ, ಆಮೇಲೆ ಬೆಳಗಿನ ಖಾಲಿ ಹೊತ್ತಿನಲ್ಲಿ ಪರಿಚಯದ ಥಿಯೇಟರ್ ಕೇಳಿಕೊಂಡು ದೊಡ್ಡ ಸ್ಪೀಕರಿನಲ್ಲಿ.

ಈ ದೃಶ್ಯಗಳನ್ನು ಕೊಡುವಾಗ ಟೆಂಪ್ ಟ್ರ್ಯಾಕ್ ತೆಗೆದುಬಿಡಿ. ಎಡಿಟಿಂಗ್ ಮಾಡುವಾಗ ಬೇರೆ ಸಿನಿಮಾದ ಸಂಗೀತ ಹಾಕಿಕೊಂಡು ಕೆಲಸ ಸಾಗಿಸುವುದು ಎಲ್ಲ ಕಡೆ ಇದೆ. ತಿಂಗಳುಗಟ್ಟಲೆ ಕೇಳಿ ಕೇಳಿ ನಿರ್ದೇಶಕರಿಗೆ ಅದೇ ಸರಿ ಅನ್ನಿಸಿಬಿಡುತ್ತದೆ. ಆಮೇಲೆ ಯಾರು ಏನು ಮಾಡಿದರೂ ಇದು ಹಾಗಿಲ್ಲವಲ್ಲ ಅನ್ನುವ ಕೊರಗು. ಬಂದವರಿಗೆ ನಕಲು ಮಾಡುವುದು ಬಿಟ್ಟು ಬೇರೆ ದಾರಿಯೇ ಇರುವುದಿಲ್ಲ.

ಹೆಜ್ಜೆ 7: ಜೊತೆಗೆ ಕೂತು ಮಾತಾಡಿ

ಟ್ಯೂನ್ ಇಷ್ಟವಾದರೆ ಸಾಲದು, ಮನುಷ್ಯರ ಜೊತೆ ಹೊಂದಬೇಕು. 2004ರ 'ಸ್ಪೈಡರ್‌ಮ್ಯಾನ್ 2' ಹೊತ್ತಿಗೆ ಸಂಗೀತ ನಿರ್ದೇಶಕ ಡ್ಯಾನಿ ಎಲ್ಫ್‌ಮನ್ ಮತ್ತು ನಿರ್ದೇಶಕ ಸ್ಯಾಮ್ ರೈಮಿ ನಡುವೆ ಮನಸ್ತಾಪ ಬಂತು. ಕೆಲವು ಭಾಗಗಳಿಗೆ ಬೇರೆಯವರು ಸಂಗೀತ ಮಾಡಿದರು. ಮೂರನೇ ಭಾಗ ಕ್ರಿಸ್ಟೋಫರ್ ಯಂಗ್ ಕೈಗೆ ಹೋಯಿತು. ವರ್ಷಗಳ ನಂತರ ಇಬ್ಬರೂ ಮತ್ತೆ ಒಟ್ಟಿಗೆ ಕೆಲಸ ಮಾಡಿದರು ಅನ್ನುವುದು ಸಂತೋಷದ ವಿಷಯ.

ಹಾಗಾಗಿ ಮೊದಲೇ ಕೇಳಿ. ಒಂದು ಟ್ಯೂನ್ ಬೇಡ ಅಂದರೆ ಹೇಗೆ ತೆಗೆದುಕೊಳ್ಳುತ್ತೀರಿ? ಕೆಲಸ ನೀವೇ ಮಾಡುತ್ತೀರಾ, ಸಹಾಯಕರಾ? ವಿಎಫ್‌ಎಕ್ಸ್ ಶಾಟ್‌ಗಳು ಕೊನೆಯಲ್ಲಿ ಬರುತ್ತವೆ, ಹಸಿರು ಪರದೆ ಮುಂದೆ ಕೈ ಬೀಸುವ ಹುಡುಗನನ್ನು ನೋಡಿಕೊಂಡೇ ಸಂಗೀತ ಮಾಡಬಲ್ಲಿರಾ? ಈ ಕೊನೆಯ ಪ್ರಶ್ನೆ ಬಹಳ ಮುಖ್ಯ. ಬೆಂಕಿ ಎಷ್ಟು ದೊಡ್ಡದು ಅಂತ ಗೊತ್ತಿಲ್ಲದೆ ಅದಕ್ಕೆ ಸಂಗೀತ ಕಟ್ಟುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಹೆಜ್ಜೆ 8: ಕಾಗದ

ಪ್ಯಾಕೇಜ್ ಅಂದರೆ ಸ್ಟುಡಿಯೊ, ವಾದ್ಯಗಾರರು, ಮಿಕ್ಸಿಂಗ್ ಖರ್ಚೆಲ್ಲ ಅವರದೇ. ಅದರಲ್ಲಿ ನಿಜವಾದ ವಾದ್ಯ ಎಷ್ಟು, ಕೀಬೋರ್ಡ್ ಎಷ್ಟು ಅಂತ ಬರೆಸಿಕೊಳ್ಳಿ. ಇಲ್ಲದಿದ್ದರೆ ಖರ್ಚು ಉಳಿಸಲು ಮೊದಲು ಹೋಗುವುದೇ ಪಿಟೀಲು, ನಾದಸ್ವರ. ಎಷ್ಟು ಸಲ ತಿದ್ದುಪಡಿ, ಎಡಿಟಿಂಗ್ ಬದಲಾದರೆ ಹೆಚ್ಚುವರಿ ಎಷ್ಟು, ಮೂರನೇ ಭಾಗ ಬಂದರೆ ಥೀಮ್ ಯಾರದು, ಇವೂ ಇರಲಿ. 2012ರ ಕಾಪಿರೈಟ್ ತಿದ್ದುಪಡಿ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಕಡೆ ಆ ಸಂಗೀತ ಬಳಕೆಯಾದರೆ ರಾಯಧನದಲ್ಲಿ ಸಮಪಾಲು ಸಂಗೀತ ರಚಿಸಿದವರ ಹಕ್ಕು. ಅದನ್ನು ಬಿಟ್ಟುಕೊಡಿ ಅಂತ ಬರೆಸಿಕೊಂಡರೆ ಆ ಬರಹ ನಿಲ್ಲುವುದಿಲ್ಲ. ಬರೆಸಿಕೊಳ್ಳಲು ಹೋಗಲೂಬೇಡಿ.

ಹೆಜ್ಜೆ 9: ಮೊದಲ ದಿನ ಏನು ಕೊಡಬೇಕು?

ಆಯ್ಕೆ ಆದ ಮೇಲೆ ಕಥೆಯನ್ನು ನಿರ್ದೇಶಕರೇ ಬಾಯಲ್ಲಿ ಹೇಳಲಿ. ಆಮೇಲೆ ಇಬ್ಬರೂ ಸಿನಿಮಾ ನೋಡುತ್ತಾ ಸ್ಪಾಟಿಂಗ್ ಮಾಡಿ. ಸಂಗೀತ ಎಲ್ಲಿ ಬರಬೇಕು, ಎಲ್ಲಿ ನಿಲ್ಲಬೇಕು, ಎಲ್ಲಿ ಬೇಡವೇ ಬೇಡ ಅಂತ ಟೈಮ್‌ಕೋಡ್ (ಪ್ರತಿ ಫ್ರೇಮಿನ ಗಂಟೆ-ನಿಮಿಷ-ಸೆಕೆಂಡ್ ಗುರುತು) ಸಮೇತ ಬರೆಯಿರಿ. ಹಾರ್ಡ್ ಡಿಸ್ಕಿನಲ್ಲಿ ರೀಲ್ ಪ್ರಕಾರ ಲಾಕ್ ಆದ, ಅಂದರೆ ಇನ್ನು ಬದಲಾಗದ, ಎಡಿಟ್ ಇರಲಿ, ಪರದೆಯ ಮೇಲೆ ಟೈಮ್‌ಕೋಡ್ ಕಾಣಲಿ. ಮಾತು ಒಂದು ಟ್ರ್ಯಾಕ್, ಎಫೆಕ್ಟ್ಸ್ ಇನ್ನೊಂದು. ಚಿತ್ರಕ್ಕೆ ಸೆಕೆಂಡಿಗೆ 24 ಫ್ರೇಮ್, ಧ್ವನಿಗೆ 48 ಕಿಲೊಹರ್ಟ್ಸ್, 24 ಬಿಟ್ ಅಂತ ಮೊದಲೇ ಒಪ್ಪಿಕೊಳ್ಳಿ. ಕೆಲಸ ಮುಗಿಸಿ ಅವರು ಕೊಡುವಾಗ ಪಿಟೀಲು, ಬ್ರಾಸ್ (ಟ್ರಂಪೆಟ್‌ನಂಥ ವಾದ್ಯಗಳು), ತಾಳವಾದ್ಯ, ಸಿಂಥ್ ಎಲ್ಲ ಬೇರೆ ಬೇರೆ ಸ್ಟೆಮ್, ಅಂದರೆ ಬೇರೆ ಬೇರೆ ಆಡಿಯೊ ಫೈಲ್, ಆಗಿ ಬರಲಿ. ಆಗ ಮಿಕ್ಸಿಂಗ್ ದಿನ ಡೈಲಾಗ್ ಮುಳುಗುತ್ತಿದೆ ಅನ್ನಿಸಿದರೆ ಬ್ರಾಸ್ ಒಂದನ್ನೇ ಇಳಿಸಿ, ಹುಡುಗನ ಟ್ಯೂನನ್ನು ಹಾಗೇ ಉಳಿಸಿಕೊಳ್ಳಬಹುದು.