ಸಾಂತಾ ಮಾರ್ತಾ ನೋಡುವುದು ಹೇಗೆ? ಕಡಲಲ್ಲಿ ಶುರು ಮಾಡಿ, ಬೆಟ್ಟ ಹತ್ತಿ

ಕೊಲಂಬಿಯಾದ ಕೆರಿಬಿಯನ್ ಕರಾವಳಿಗೆ ಹೋಗುವವರು ಸಾಮಾನ್ಯವಾಗಿ ಕಾರ್ತಹೇನಾ ನಗರಕ್ಕೆ ಟಿಕೆಟ್ ಮಾಡಿಸುತ್ತಾರೆ. ಕೋಟೆ, ಬಣ್ಣದ ಬಾಲ್ಕನಿ, ಫೋಟೊ ಎಲ್ಲ ಚೆನ್ನಾಗಿಯೇ ಇರುತ್ತದೆ. ಆದರೆ ಒಂದು ವಾರ ಕೈಯಲ್ಲಿದ್ದು, ಜನರ ಬದುಕನ್ನೂ ಕಾಡನ್ನೂ ಒಟ್ಟಿಗೆ ನೋಡಬೇಕು ಅನಿಸಿದರೆ, ಅಲ್ಲಿಂದ ಬಸ್ಸಿನಲ್ಲಿ ನಾಲ್ಕೈದು ಗಂಟೆ ಪೂರ್ವಕ್ಕಿರುವ ಸಾಂತಾ ಮಾರ್ತಾಗೆ ಹೋಗಿ.

ಈ ಊರಿನ ಬೆನ್ನಿಗೆ ಸಿಯೆರಾ ನೆವಾದಾ ಬೆಟ್ಟಸಾಲು ಇದೆ. ಕಡಲಿನ ಪಕ್ಕದಲ್ಲೇ ಇಷ್ಟು ಎತ್ತರದ ಬೆಟ್ಟ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ತುದಿಯ ಶಿಖರ ಸುಮಾರು 5,700 ಮೀಟರ್. ಅದು ಕಡಲಿನಿಂದ ಬರೀ 42 ಕಿ.ಮೀ. ದೂರ. ಕೆಳಗೆ ತೆಂಗಿನ ಮರ, ಮೇಲೆ ಹಿಮ. ಇಲ್ಲಿನ ಮೂಲನಿವಾಸಿಗಳಿಗೆ ಈ ಕಡಲು, ಈ ಬೆಟ್ಟ ಬೇರೆ ಬೇರೆ ಅಲ್ಲ, ಒಂದೇ ದೇಹ. ಹಾಗಾಗಿ ಪ್ರವಾಸವನ್ನೂ ಅದೇ ದಾರಿಯಲ್ಲಿ ಹಾಕಿಕೊಳ್ಳಿ. ಮೊದಲು ಊರು, ಆಮೇಲೆ ಕಡಲ ಕಾಡು, ಕೊನೆಗೆ ಬೆಟ್ಟ.

ಹೊರಡುವ ಮುಂಚೆ: ಹಳದಿ ಕಾರ್ಡು

ವೀಸಾಗಿಂತ ಮೊದಲು ಲಸಿಕೆಯ ಮಾತು. ಕೊಲಂಬಿಯಾ ಹಳದಿ ಜ್ವರ ಇರುವ ದೇಶಗಳ ಪಟ್ಟಿಯಲ್ಲಿದೆ. ಅಲ್ಲಿಂದ ಭಾರತಕ್ಕೆ ವಾಪಸ್ ಬರುವಾಗ ಲಸಿಕೆಯ ಪ್ರಮಾಣಪತ್ರ (ಇದೇ ಹಳದಿ ಕಾರ್ಡು) ಇಲ್ಲದಿದ್ದರೆ ಆರು ದಿನದವರೆಗೆ ಕ್ವಾರಂಟೈನ್‌ನಲ್ಲಿ ಇಡಬಹುದು. ಲಸಿಕೆಯನ್ನು ಹೊರಡಲು ಕನಿಷ್ಠ 10 ದಿನ ಮುಂಚೆ ಹಾಕಿಸಿಕೊಂಡಿರಬೇಕು. ಇದು ಎಲ್ಲ ಕ್ಲಿನಿಕ್ಕುಗಳಲ್ಲೂ ಸಿಗುವುದಿಲ್ಲ. ಸರ್ಕಾರ ಒಪ್ಪಿಗೆ ಕೊಟ್ಟ ಕೇಂದ್ರಗಳಲ್ಲಿ ಮಾತ್ರ, ಅದೂ ಬಹಳ ಕಡೆ ವಾರದ ಕೆಲವೇ ದಿನ ಹಾಕುತ್ತಾರೆ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ. ಅರವತ್ತು ದಾಟಿದವರು, ಗರ್ಭಿಣಿಯರು, ಮೊಟ್ಟೆ ಅಲರ್ಜಿ ಇರುವವರು ಮೊದಲು ಡಾಕ್ಟರನ್ನು ಕೇಳಲೇಬೇಕು.

ಇನ್ನು ವೀಸಾ. ನಮ್ಮ ಪಾಸ್‌ಪೋರ್ಟಿಗೆ ವೀಸಾ ಬೇಕು. ಆದರೆ ಇನ್ನೂ ಸಾಕಷ್ಟು ಅವಧಿ ಉಳಿದಿರುವ ಅಮೆರಿಕ ಅಥವಾ ಯುರೋಪಿನ ಷೆಂಗೆನ್ ವೀಸಾ ಇರುವವರಿಗೆ ವಿನಾಯಿತಿ ಇದೆ. ನಿಯಮ ಆಗಾಗ ಬದಲಾಗುತ್ತದೆ. ಟಿಕೆಟ್ ಮಾಡಿಸುವ ಮುಂಚೆ ಕೊಲಂಬಿಯಾದ ದೂತಾವಾಸದ ಜಾಲತಾಣ ನೋಡಿಕೊಳ್ಳಿ. ಇಲ್ಲಿಂದ ನೇರ ವಿಮಾನ ಇಲ್ಲ. ಯುರೋಪಿನ ಯಾವುದಾದರೂ ಊರಿನ ಮೂಲಕ ಬೊಗೊಟಾ, ಅಲ್ಲಿಂದ ಒಂದೂವರೆ ಗಂಟೆ ಹಾರಿದರೆ ಸಾಂತಾ ಮಾರ್ತಾ. ಬೊಗೊಟಾ 2,600 ಮೀಟರ್ ಎತ್ತರದಲ್ಲಿದೆ, ಚಳಿ. ಅಲ್ಲಿ ರಾತ್ರಿ ತಂಗುವುದಾದರೆ ಒಂದು ಸ್ವೆಟರ್ ಬ್ಯಾಗಿನಲ್ಲಿ ಮೇಲೆಯೇ ಇರಲಿ.

ಯಾವಾಗ ಹೋಗಬೇಕು, ಯಾವಾಗ ಬಾಗಿಲು ಹಾಕಿರುತ್ತಾರೆ

ಡಿಸೆಂಬರ್‌ನಿಂದ ಏಪ್ರಿಲ್‌ವರೆಗೆ ಒಣ ಹವೆ. ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ಮಳೆ ಜಾಸ್ತಿ. ಕ್ರಿಸ್‌ಮಸ್ ಮತ್ತು ಈಸ್ಟರ್ ವಾರಗಳಲ್ಲಿ ಇಡೀ ಕೊಲಂಬಿಯಾವೇ ಇಲ್ಲಿಗೆ ಬಂದಿರುತ್ತದೆ, ಆಗ ಬೇಡ.

ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ಬಹಳ ಜನ ಎಡವುವುದು ಬೇರೆ ಕಡೆ. ಆ ಕಡಲ ಕಾಡನ್ನು, ಅಂದರೆ ತಾಯ್ರೋನಾ ರಾಷ್ಟ್ರೀಯ ಉದ್ಯಾನವನ್ನು ವರ್ಷಕ್ಕೆ ಮೂರು ಸಲ, ಸುಮಾರು ಎರಡೆರಡು ವಾರ ಮುಚ್ಚುತ್ತಾರೆ. ಫೆಬ್ರುವರಿ ಮೊದಲ ಭಾಗ, ಜೂನ್ ಮೊದಲ ಭಾಗ, ಮತ್ತೆ ಅಕ್ಟೋಬರ್ ಕೊನೆಯಿಂದ ನವೆಂಬರ್ ಆರಂಭದವರೆಗೆ. ಇದು ರಿಪೇರಿ ಕೆಲಸಕ್ಕೆ ಅಲ್ಲ. ಕಾಡು ಉಸಿರಾಡಲಿ ಎಂದು ಮೂಲನಿವಾಸಿಗಳು ಕೇಳಿದ್ದಕ್ಕೆ ಮುಚ್ಚುವುದು. ಆ ದಿನಗಳಲ್ಲಿ ಅವರು ತಮ್ಮ ವಿಧಿಗಳನ್ನು ಮಾಡುತ್ತಾರೆ. ಇದೇ ರೀತಿ ಬೆಟ್ಟದೊಳಗಿನ ಹಳೇ ಪಾಳು ಊರಾದ 'ಕಳೆದುಹೋದ ನಗರ'ದ ದಾರಿ ಸೆಪ್ಟೆಂಬರ್‌ನಲ್ಲಿ ಮುಚ್ಚಿರುತ್ತದೆ. "ಅಷ್ಟು ದೂರದಿಂದ ಬಂದಿದ್ದೇವೆ" ಅಂದರೆ ಯಾರೂ ಬಾಗಿಲು ತೆಗೆಯುವುದಿಲ್ಲ, ತೆಗೆಯಲೂ ಬಾರದು. ಟಿಕೆಟ್ ಮಾಡಿಸುವ ಮುಂಚೆ ಆ ವರ್ಷದ ದಿನಾಂಕ ನೋಡಿಕೊಳ್ಳಿ, ಅಷ್ಟೇ.

ಮೊದಲ ಎರಡು ದಿನ ಊರಲ್ಲೇ

ಇಳಿದ ದಿನ ಏನೂ ಮಾಡಬೇಡಿ. ನಮಗಿಂತ ಹತ್ತೂವರೆ ಗಂಟೆ ಹಿಂದಿರುವ ಊರು, ನಿದ್ದೆ ಕೆಟ್ಟಿರುತ್ತದೆ. ಸಂಜೆ ಕಡಲ ದಂಡೆಯ ಕಾಲುದಾರಿಯಲ್ಲಿ ಸುಮ್ನೆ ಕೂತುಕೊಳ್ಳಿ. ಸೂರ್ಯ ಕಡಲಲ್ಲೇ ಮುಳುಗುತ್ತಾನೆ.

ಮಾರನೇ ದಿನ ಬೆಳಗ್ಗೆ ಹಳೇ ಸುಂಕದ ಕಟ್ಟೆಯ ಕಟ್ಟಡದಲ್ಲಿರುವ ತಾಯ್ರೋನಾ ಚಿನ್ನದ ಮ್ಯೂಸಿಯಂಗೆ ಹೋಗಿ. ಪ್ರವೇಶ ಉಚಿತ. ಬಹಳ ಜನ ಇದನ್ನು ಕೊನೆಯ ದಿನಕ್ಕೆ, ಸಮಯ ಉಳಿದರೆ ಎಂದು ಇಟ್ಟುಕೊಳ್ಳುತ್ತಾರೆ. ನನ್ನ ಪ್ರಕಾರ ಅದು ತಪ್ಪು. ಇದನ್ನು ನೋಡದೆ ಕಾಡಿಗೆ ಹೋದರೆ ಕಲ್ಲು ಬರೀ ಕಲ್ಲಾಗಿಯೇ ಕಾಣುತ್ತದೆ. ಚಿನ್ನಕ್ಕೆ ತಾಮ್ರ ಬೆರೆಸಿ, ಮೇಣದ ಅಚ್ಚಿನಲ್ಲಿ ಎರಕ ಹೊಯ್ದ ಪುಟ್ಟ ಪುಟ್ಟ ಒಡವೆಗಳು ಇಲ್ಲಿವೆ. ಬಾವಲಿ ಮುಖದ ಮನುಷ್ಯರು, ಹಕ್ಕಿಗಳು, ಮೂಗಿನ ನತ್ತುಗಳು. ಇದನ್ನು ಮಾಡಿದ ತಾಯ್ರೋನಾ ಜನರನ್ನು ಸ್ಪೇನಿನವರು ಸುಮಾರು 1600ರ ಹೊತ್ತಿಗೆ ಮುರಿದರು. ಉಳಿದವರು ಬೆಟ್ಟ ಹತ್ತಿದರು.

ಈಗ ಆ ಬೆಟ್ಟದಲ್ಲಿ ನಾಲ್ಕು ಸಮುದಾಯಗಳಿವೆ: ಕೋಗಿ, ಅರುವಾಕೊ, ವಿವಾ, ಕಂಕುವಾಮೊ. ಅವರ ಹಿರಿಯ ಗುರುಗಳನ್ನು ಮಾಮೊ ಅನ್ನುತ್ತಾರೆ. ಬಿಳಿ ಹತ್ತಿ ಬಟ್ಟೆ, ಹೆಗಲಿಗೆ ನೇಯ್ದ ಚೀಲ. ಪೇಟೆಯಲ್ಲೂ ನಿಮಗೆ ಎದುರಾಗುತ್ತಾರೆ. ಗಂಡಸರ ಕೈಯಲ್ಲಿ ಒಂದು ಪುಟ್ಟ ಸೋರೆ ಬುರುಡೆ ಇರುತ್ತದೆ, ಅದರ ಹೆಸರು ಪೊಪೊರೊ. ಒಳಗೆ ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಕಡ್ಡಿಯಲ್ಲಿ ಸುಣ್ಣ ತೆಗೆದು ಕೊಕಾ ಎಲೆಯ ಜೊತೆ ಅಗಿಯುತ್ತಾರೆ. ಇಬ್ಬರು ಎದುರಾದರೆ ಮಾತಿಗೆ ಮುಂಚೆ ಎಲೆ ಬದಲಾಯಿಸಿಕೊಳ್ಳುತ್ತಾರೆ. ಎಲೆ ಅಡಿಕೆ ಕೊಟ್ಟು ಮಾತಿಗೆ ಕೂರಿಸುವ, ಚಿಪ್ಪಿನ ಸುಣ್ಣ ಹಚ್ಚುವ ನಮಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕಡಲಿನ ಚಿಪ್ಪು ಬೆಟ್ಟ ಹತ್ತುವುದು ಹೀಗೆ. ಈ ನಾಲ್ಕು ಸಮುದಾಯಗಳ ಜ್ಞಾನ ಪದ್ಧತಿಯನ್ನು 2022ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ಎರಡು ಮಾತು ನೆನಪಿಡಿ. ಕೇಳದೆ ಅವರ ಫೋಟೊ ತೆಗೆಯಬೇಡಿ. ಕೊಕಾ ಎಲೆ, ಅದರ ಚಹಾ ಪೊಟ್ಟಣ, ಯಾವುದನ್ನೂ ನೆನಪಿಗೆಂದು ಬ್ಯಾಗಿಗೆ ಹಾಕಿಕೊಳ್ಳಬೇಡಿ. ಭಾರತದಲ್ಲಿ ಅದು ಅಪರಾಧ.

ಮಧ್ಯಾಹ್ನದ ಬಿಸಿಲು ಇಳಿದ ಮೇಲೆ ಕಿಂತಾ ದೆ ಸಾನ್ ಪೆದ್ರೊ ಅಲೆಹಾಂದ್ರಿನೊ ಎಂಬ ತೋಟದ ಮನೆಗೆ ಟ್ಯಾಕ್ಸಿ ಹಿಡಿಯಿರಿ. ಸ್ಪೇನಿನ ಆಳ್ವಿಕೆ ಕೊನೆಗಾಣಿಸಿದ ಸಿಮೋನ್ ಬೊಲಿವಾರ್ 1830ರ ಡಿಸೆಂಬರ್ 17ರಂದು ಇಲ್ಲಿ ತೀರಿಕೊಂಡ, 47ನೇ ವಯಸ್ಸಿಗೆ. ಯುರೋಪಿಗೆ ಹೋಗಬೇಕೆಂದು ಹೊರಟವನು ಕಾಯಿಲೆಯಿಂದ ಇಲ್ಲೇ ಉಳಿದ. ಜೀವನಪೂರ್ತಿ ಸ್ಪೇನಿನ ವಿರುದ್ಧ ಹೋರಾಡಿದವನಿಗೆ ಕೊನೆಗೆ ಮನೆ ಕೊಟ್ಟವನು ಒಬ್ಬ ಸ್ಪೇನಿನವನೇ! ಅಂಗಳದಲ್ಲಿ ದೊಡ್ಡ ಹುಣಸೆ ಮರಗಳಿವೆ, ಅವಕ್ಕೇ ತನ್ನ ತೂಗುಮಂಚ ಕಟ್ಟಿಸಿಕೊಳ್ಳುತ್ತಿದ್ದ ಅನ್ನುತ್ತಾರೆ. ಹುಲ್ಲಿನ ಮೇಲೆ ಇಗುವಾನಾ ಎಂಬ ದೊಡ್ಡ ಹಲ್ಲಿಗಳು ಓಡಾಡಿಕೊಂಡಿರುತ್ತವೆ.

ಹಳೇ ಪೇಟೆಯ ಬಿಳಿ ಕೆಥೆಡ್ರಲ್ ದಾರಿಯಲ್ಲೇ ಸಿಗುತ್ತದೆ. 1525ರಲ್ಲಿ ಊರು ಕಟ್ಟಿದ ಸ್ಪೇನಿನ ಬಾಸ್ತಿದಾಸ್‌ನ ಸಮಾಧಿ ಅಲ್ಲಿದೆ. ಅವನು ಸತ್ತದ್ದು ಇರಿತದ ಗಾಯದಿಂದ; ಇರಿದವರು ಮೂಲನಿವಾಸಿಗಳಲ್ಲ, ಅವನ ಕಡೆಯವರೇ.

ಊಟ, ಅದರಲ್ಲೂ ಸಸ್ಯಾಹಾರಿಗಳಿಗೆ

ಮೀನು ತಿನ್ನುವವರಿಗೆ ಚಿಂತೆಯೇ ಇಲ್ಲ. ಇಡೀ ಮೀನು ಕರಿದು, ತೆಂಗಿನ ಹಾಲಿನ ಅನ್ನ ಮತ್ತು ಪಟಕೋನ್ ಜೊತೆ ಕೊಡುತ್ತಾರೆ. ಪಟಕೋನ್ ಅಂದರೆ ಕಾಯಿ ಬಾಳೆಯನ್ನು ಕರಿದು, ಜಜ್ಜಿ, ಮತ್ತೆ ಕರಿದದ್ದು. ಮೀನು ತಿನ್ನದವರು ಬೆಳಗ್ಗೆ ಕಯೇಯೆ ಕೇಳಿ. ಬೇಯಿಸಿದ ಬಾಳೆಕಾಯಿ ಮಸೆದು, ಮೇಲೆ ಉಪ್ಪುಪ್ಪಾದ ಚೀಸ್ ಉದುರಿಸುತ್ತಾರೆ. ಇದು ಈ ಊರಿನದೇ ತಿಂಡಿ. ಸುತ್ತ ಬಾಳೆ ತೋಟಗಳ ನಾಡು, ಅದಕ್ಕೇ. (ಪಕ್ಕದ ಸಿಯೆನಾಗಾ ಊರಲ್ಲಿ 1928ರಲ್ಲಿ ಮುಷ್ಕರ ಹೂಡಿದ ಬಾಳೆ ತೋಟದ ಕೂಲಿಗಳ ಮೇಲೆ ಸೈನ್ಯ ಗುಂಡು ಹಾರಿಸಿತು. ಬಾಳೆಯ ಕಥೆ ಇಲ್ಲಿ ಬರೀ ಸಿಹಿಯಲ್ಲ.)

"ಸಿನ್ ಕಾರ್ನೆ" ಅಂದರೆ ಮಾಂಸ ಬೇಡ ಎಂದರ್ಥ. ಅಷ್ಟೇ ಹೇಳಿದರೆ ಕೋಳಿ ಬರಬಹುದು! "ಸಿನ್ ಪೊಯೊ, ಸಿನ್ ಪೆಸ್ಕಾದೊ" ಅಂತ ಕೋಳಿ, ಮೀನನ್ನೂ ಸೇರಿಸಿ ಹೇಳಿ. ಬೀನ್ಸ್ ಕಾಳಿನ ಸಾರಿಗೆ ಹಂದಿ ಮಾಂಸ ಹಾಕುವ ರೂಢಿ ಇದೆ, ಕೇಳಿಯೇ ತಿನ್ನಿ. ಬೀದಿಯಲ್ಲಿ ಫ್ಲಾಸ್ಕಿನಿಂದ ಸುರಿದು ಕೊಡುವ ತಿಂತೊ ಕಾಫಿ ನೀರುನೀರು, ಸಿಹಿ. ಫಿಲ್ಟರ್ ಕಾಫಿಯವರು ಆಸೆ ಇಟ್ಟುಕೊಳ್ಳಬೇಡಿ.

ಮೂರನೇ ದಿನ: ತಾಯ್ರೋನಾ

ಪೇಟೆಯ ಮಾರುಕಟ್ಟೆ ಹತ್ತಿರದಿಂದ ಎಲ್ ಸಾಯ್ನೊ ಗೇಟಿಗೆ ಬಸ್ಸು ಸಿಗುತ್ತದೆ, ಸುಮಾರು ಒಂದು ಗಂಟೆ. ಬೆಳಗ್ಗೆ ಎಂಟಕ್ಕೆ ಗೇಟಿನಲ್ಲಿರಿ. ಪಾಸ್‌ಪೋರ್ಟ್ ಬೇಕು. ಒಂದೇ ಸಲ ಬಳಸುವ ಪ್ಲಾಸ್ಟಿಕ್ ಮತ್ತು ಮದ್ಯ ಒಳಗೆ ಬಿಡುವುದಿಲ್ಲ. ಸ್ಟೀಲ್ ಬಾಟಲಿಯಲ್ಲಿ ನೀರು, ಸೊಳ್ಳೆ ಮುಲಾಮು, ಕೆಸರಲ್ಲಿ ಜಾರದ ಷೂ ಇದ್ದರೆ ಸಾಕು.

ಗಾಡಿ ನಿಲ್ಲುವ ಜಾಗದಿಂದ ಕಾಬೊ ಸಾನ್ ಹುವಾನ್ ಎಂಬ ದಂಡೆಗೆ ಎರಡು ಗಂಟೆ ನಡಿಗೆ. ಮರದ ಮೇಲೆ ಕೂಗುವ ಕೋತಿಗಳು, ಕೆಳಗೆ ಎಲೆ ಕತ್ತರಿಸಿ ಸಾಲಾಗಿ ಹೊತ್ತೊಯ್ಯುವ ಇರುವೆಗಳು. ಮಧ್ಯೆ ಅರೆಸೀಫೆಸ್ ಎಂಬ ದಂಡೆ ಬರುತ್ತದೆ. ನೋಡಲು ಎಲ್ಲಕ್ಕಿಂತ ಚೆಂದ, ಆದರೆ ನೀರಿಗೆ ಕಾಲಿಡಬೇಡಿ. ಒಳಸೆಳೆತಕ್ಕೆ ನೂರಕ್ಕೂ ಹೆಚ್ಚು ಜನ ಸತ್ತಿದ್ದಾರೆ ಎಂಬ ಬೋರ್ಡು ಅಲ್ಲೇ ಇದೆ. ಈಜಬೇಕಾದರೆ ಇನ್ನೂ ಸ್ವಲ್ಪ ಮುಂದೆ ನಡೆದು ಲಾ ಪಿಸಿನಾಗೆ ಹೋಗಿ. ಬಂಡೆಗಳು ಅಲೆಯನ್ನು ತಡೆಯುವುದರಿಂದ ಅಲ್ಲಿ ನೀರು ಕೆರೆಯಂತೆ ಇರುತ್ತದೆ.

ಒಂದು ರಾತ್ರಿ ಒಳಗೇ ತೂಗುಮಂಚದಲ್ಲಿ ಮಲಗಬಹುದು. ಬೆನ್ನು ನೋವಿನವರು ಸಂಜೆಗೆ ವಾಪಸ್ ಬರುವುದೇ ಒಳ್ಳೆಯದು.

ಕೊನೆಗೆ ಬೆಟ್ಟ

ಊರಿನಿಂದ ಮುಕ್ಕಾಲು ಗಂಟೆ ಮೇಲೆ ಹತ್ತಿದರೆ ಮಿಂಕಾ, ಸುಮಾರು 650 ಮೀಟರ್ ಎತ್ತರದ ಪುಟ್ಟ ಹಳ್ಳಿ. ಬೆವರು ಇಲ್ಲಿ ನಿಲ್ಲುತ್ತದೆ. ಎರಡು ರಾತ್ರಿ ಇಟ್ಟುಕೊಳ್ಳಿ. ಚಿಕ್ಕಮಗಳೂರು, ಕೊಡಗಿನ ಕಡೆಯವರು "ಕಾಫಿ ತೋಟ ನೋಡೋಕೆ ಇಷ್ಟು ದೂರ ಬರಬೇಕಾ" ಅನ್ನಬಹುದು. ಆದರೂ 1892ರಲ್ಲಿ ಶುರುವಾದ ಲಾ ವಿಕ್ಟೋರಿಯಾ ತೋಟ ನೋಡಿ. ಹಣ್ಣು ಸುಲಿಯುವ ಹಳೇ ಯಂತ್ರಗಳು ಅಲ್ಲಿ ಇವತ್ತಿಗೂ ನೀರಿನ ಬಲದಲ್ಲೇ ತಿರುಗುತ್ತವೆ.

ಹಕ್ಕಿ ನೋಡುವವರು ಇನ್ನೂ ಮೇಲೆ, ಸಾನ್ ಲೊರೆನ್ಸೊ ಏಣಿನ ಎಲ್ ದೊರಾದೊ ಅರಣ್ಯಕ್ಕೆ ಜೀಪು ಮಾಡಿಕೊಂಡು ಹೋಗಬೇಕು. ರಸ್ತೆ ಅನ್ನುವುದಕ್ಕಿಂತ ಹಳ್ಳ ಅನ್ನಬಹುದು. ಬೇರೆಲ್ಲೂ ಇಲ್ಲದ ಹಕ್ಕಿಗಳು ಇಲ್ಲಿವೆ, ಸಾಂತಾ ಮಾರ್ತಾ ಗಿಳಿಯೂ ಅದರಲ್ಲೊಂದು. ಮುಂಜಾನೆ ಮೋಡ ಬಿಟ್ಟಿದ್ದರೆ ಇಲ್ಲಿಂದ ಹಿಮದ ಶಿಖರ ಕಾಣುತ್ತದೆ. ಅಲ್ಲಿಗೆ ಹತ್ತಲು ಪ್ರವಾಸಿಗರಿಗೆ ಬಿಡುವುದಿಲ್ಲ. ಅದು ಆ ನಾಲ್ಕು ಸಮುದಾಯಗಳ ದೇವರ ಜಾಗ.

ಕಾಲಲ್ಲಿ ಶಕ್ತಿ ಇದ್ದು ಇನ್ನೂ ನಾಲ್ಕು ದಿನ ಸಿಕ್ಕರೆ ತೆಯೂನಾ, ಅಂದರೆ 'ಕಳೆದುಹೋದ ನಗರ'. ಸುಮಾರು ಕ್ರಿ.ಶ. 800ರ ಹೊತ್ತಿಗೆ ಕಟ್ಟಿದ್ದು, ಪೆರುವಿನ ಮಾಚು ಪಿಚುಗಿಂತ ಆರುನೂರು ವರ್ಷ ಹಳೆಯದು. 1970ರ ದಶಕದ ಆರಂಭದಲ್ಲಿ ಇದನ್ನು ಮೊದಲು ಕಂಡದ್ದು ನಿಧಿಗಳ್ಳರು, ಪುರಾತತ್ವದವರು ಬಂದದ್ದು ಆಮೇಲೆ. ಗೈಡ್ ಇಲ್ಲದೆ ಬಿಡುವುದಿಲ್ಲ. ಹೊಳೆ ದಾಟಿ, ಕೊನೆಗೆ ಸುಮಾರು 1,200 ಕಲ್ಲಿನ ಮೆಟ್ಟಿಲು ಹತ್ತಬೇಕು. ಪಾಚಿ ಹಿಡಿದ ಮೆಟ್ಟಿಲು, ಮಳೆಯಲ್ಲಿ ಜಾರುತ್ತದೆ.

ವಾಪಸ್ ಹೊರಡುವಾಗ

ಕೊಲಂಬಿಯಾದವರು "ನೊ ದಾರ್ ಪಪಾಯಾ" ಅನ್ನುತ್ತಾರೆ, ಪಪ್ಪಾಯಿ ಕೊಡಬೇಡ ಎಂದು. ಅಂದರೆ ಕಳ್ಳನಿಗೆ ನೀನೇ ಅವಕಾಶ ಮಾಡಿಕೊಡಬೇಡ. ಮಾರುಕಟ್ಟೆಯ ಸುತ್ತ ಫೋನ್ ಕೈಯಲ್ಲಿ ಹಿಡಿದು ನಿಲ್ಲಬೇಡಿ, ಕತ್ತಲಾದ ಮೇಲೆ ಟ್ಯಾಕ್ಸಿಯಲ್ಲೇ ಓಡಾಡಿ.

ಊರಿಗೆ ಏನಾದರೂ ತರಬೇಕು ಅನಿಸಿದರೆ ಅರುವಾಕೊ ಹೆಂಗಸರು ಉಣ್ಣೆಯಲ್ಲಿ ಹೆಣೆದ ಮೊಚಿಲಾ ಚೀಲ ತನ್ನಿ, ಸಾಧ್ಯವಾದರೆ ಅವರ ಕೈಯಿಂದಲೇ. ಒಂದು ಚೀಲಕ್ಕೆ ವಾರಗಟ್ಟಲೆ ಕೆಲಸ ಹಿಡಿಯುತ್ತದೆ, ಜಾಸ್ತಿ ಚೌಕಾಸಿ ಬೇಡ. ಚೀಲ, ಕಾಫಿಪುಡಿ ಎಲ್ಲ ದೊಡ್ಡ ಸೂಟ್‌ಕೇಸಿಗೆ ಹಾಕಿ. ಹಳದಿ ಕಾರ್ಡು ಮಾತ್ರ ಪಾಸ್‌ಪೋರ್ಟಿನ ಒಳಗೇ ಇರಲಿ. ಅದನ್ನು ಕೇಳುವುದು ಇಮಿಗ್ರೇಷನ್‌ಗೂ ಮುಂಚೆ, ಸೂಟ್‌ಕೇಸ್ ನಿಮ್ಮ ಕೈಗೆ ಬರುವುದು ಆಮೇಲೆ.