ಪುಷ್ಯ ಮಳೆಯಲ್ಲಿ ಪುಷ್ಯದ ವಯಸ್ಸು

ಪುಷ್ಯ ಮಳೆ ಹಿಡಿದರೆ ತೀರ್ಥಹಳ್ಳಿ ಕಡೆ ಆಕಾಶ ಅನ್ನೋದೇ ಇರುವುದಿಲ್ಲ. ಮೋಡ ಸರಿದರೂ ಪುಷ್ಯ ಕಾಣದು, ಆಗ ಸೂರ್ಯನೇ ಅಲ್ಲಿರುತ್ತಾನೆ. ಅಡಿಕೆಗೆ ಕೊಳೆ ಔಷಧಿ ಹೊಡೆಯಲೂ ಮಳೆ ಬಿಡುವು ಕೊಡದ ಆ ದಿನಗಳಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತೆ.

ಪುಷ್ಯದ ನಡುವೆ ಒಂದು ನಕ್ಷತ್ರಗುಚ್ಛ ಇದೆ, ಸುಮಾರು 600 ಜ್ಯೋತಿರ್ವರ್ಷ ದೂರ. ಅಲ್ಲಿನ ಶ್ವೇತ ಕುಬ್ಜಗಳಿಂದ, ಅಂದರೆ ಉರಿದು ಮುಗಿದ ನಕ್ಷತ್ರಗಳ ಉಳಿಕೆಯಿಂದ, ಅದರ ವಯಸ್ಸು ಲೆಕ್ಕ ಹಾಕುವ ಆಸೆ. ನಕ್ಷತ್ರಗಳ ಹೊಳಪು, ಚಲನೆ ಅಳೆದ ಗಯಾ ನೌಕೆಯ ಮಾಹಿತಿ ಹೇಗೂ ಪುಕ್ಕಟೆ. ನೆಟ್ ನಿಧಾನ ಅಂತ 15ನೇ ಕಾಂತಿಮಾನದವರೆಗಿನ ನಕ್ಷತ್ರಗಳನ್ನಷ್ಟೇ ಇಳಿಸಿಕೊಂಡೆ. ಒಂದೂ ಶ್ವೇತ ಕುಬ್ಜ ಇಲ್ಲ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು: ಕಾಂತಿಮಾನದ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು, ಅವು 18ರ ಆಸುಪಾಸಿನವು.

ಮತ್ತೆ ಇಳಿಸಿದೆ. ಗುಚ್ಛದವು ಅಂತ ಗುರುತಿಸಲು ಒಟ್ಟಿಗೆ ಒಂದೇ ದಿಕ್ಕಿಗೆ ಸರಿಯುವವನ್ನು ಮಾತ್ರ ಉಳಿಸಿಕೊಂಡು ಬಣ್ಣ, ಹೊಳಪಿನ ನಕ್ಷೆ ಹಾಕಿದೆ. ಎಡಗಡೆ ಕೆಳಮೂಲೆಯಲ್ಲಿ ಬೆರಳೆಣಿಕೆಯ ಚುಕ್ಕೆ, ಅವೇ ಶ್ವೇತ ಕುಬ್ಜಗಳು. ಅಷ್ಟೇ, ಆದರೂ ಖುಷಿಗೆ ಅಮ್ಮನನ್ನು ಕರೆದು ತೋರಿಸಿದೆ. "ಇದಕ್ಕಾ ಇಷ್ಟು ಕರೆಂಟು?" ಅಂದರು.

ನಮ್ಮ ಬಚ್ಚಲ ಹಂಡೆ ನೋಡಿ. ಬೆಳಿಗ್ಗೆ ನೀರಿಗೆ ಕೈ ಅದ್ದಿದರೆ ರಾತ್ರಿ ಉರಿ ಯಾವಾಗ ನಿಂತಿತು ಅಂತ ಅಂದಾಜು ಸಿಗುತ್ತದೆ. ಶ್ವೇತ ಕುಬ್ಜದಲ್ಲೂ ಉರಿ ಇಲ್ಲ, ಉಳಿದ ಬಿಸಿ ಮಾತ್ರ. ತಾಪ, ತೂಕ ಗೊತ್ತಾದರೆ ಆರಲು ಹಿಡಿದ ಕಾಲವನ್ನು ಸಿದ್ಧ ಕೋಷ್ಟಕದಿಂದ ಓದಬಹುದು. ನನಗೆ ಬಂದದ್ದು 30 ಕೋಟಿ ವರ್ಷದ ಆಚೀಚೆ. ಗುಚ್ಛಕ್ಕೆ ಎಲ್ಲರೂ ಹೇಳುವುದು 60ರಿಂದ 70 ಕೋಟಿ! ಸೂತ್ರ ನಾಲ್ಕು ಸಲ ತಿದ್ದಿದೆ. ತಪ್ಪು ಸೂತ್ರದ್ದಲ್ಲ. ಹಂಡೆ ಹೇಳುವುದು ಉರಿ ಆರಿದ ಮೇಲಿನ ಹೊತ್ತನ್ನು, ಉರಿದ ಹೊತ್ತನ್ನಲ್ಲ. ಈ ಕುಬ್ಜಗಳ ಮೂಲ ನಕ್ಷತ್ರಗಳು ಸೂರ್ಯನ ಮೂರು ಪಟ್ಟು ತೂಕದವು, ಅವು ಬದುಕಿದ್ದೂ ಮೂವತ್ತು ನಲವತ್ತು ಕೋಟಿ ವರ್ಷ. ಅದನ್ನು ಕೂಡಿಸಿದಾಗ ಲೆಕ್ಕ ಕೂತಿತು.

ಹಳೆಯ ಗುಚ್ಛಗಳಲ್ಲಿ ತಕರಾರು ಬೇರೆ. ಚಳಿಗಾಲದಲ್ಲಿ ನಮ್ಮಲ್ಲಿ ತೆಂಗಿನೆಣ್ಣೆ ಹೆಪ್ಪುಗಟ್ಟುತ್ತದಲ್ವಾ? ಆಗ ಸ್ವಲ್ಪ ಬಿಸಿ ಹೊರಗೆ ಬರುತ್ತದೆ. ಆರಿದ ಕುಬ್ಜದ ಒಡಲೂ ಹಾಗೇ ಗಟ್ಟಿಯಾಗುತ್ತದೆ, ಆರುವುದು ತಡವಾಗುತ್ತದೆ. ಎನ್‌ಜಿಸಿ 6791 ಗುಚ್ಛಕ್ಕೆ ಕುಬ್ಜಗಳು 600 ಕೋಟಿ ವರ್ಷ ಹೇಳಿದರೆ, ಉಳಿದ ನಕ್ಷತ್ರಗಳು 800 ಕೋಟಿ ಹೇಳುತ್ತಿದ್ದವು. ಗಟ್ಟಿಯಾಗುವಾಗ ಇಂಗಾಲ, ಆಮ್ಲಜನಕ ಬೇರ್ಪಡುವುದು, ನಿಯಾನ್ ತಳಕ್ಕಿಳಿಯುವುದು, ಇವೆರಡರ ಬಿಸಿಯನ್ನೂ ಸೇರಿಸಿದ ಮೇಲೆ 2010ರಲ್ಲಿ ಜಗಳ ಬಗೆಹರಿಯಿತು. ಆದರೆ ಆ ಕುಬ್ಜಗಳು ಗಯಾಗೂ ಕಾಣದಷ್ಟು ಮಂಕು. ನನಗೆ ಪುಷ್ಯವೇ ಸರಿ.